ಉಪ್ಪು ನೋಡಿದ್ದು ಊಟವಲ್ಲ

ಮಾವನ ಬಲ ಅಂಗೈಯ ನಡುವೆ ಹಳೆಯ ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಚರ್ಮಕ್ಕೆ ಬೇರೆಯೇ ಬಣ್ಣ ಬಂದಿತ್ತು. ಸುಟ್ಟ ಕಲೆಯಲ್ಲ, ಬಹಳ ಕಾಲ ಬಳಸಿದ ಮರದ ಸೌಟಿಗೆ ಬರುತ್ತದಲ್ಲ, ಆ ಬಣ್ಣ. ಅಲ್ಲಿಗೆ ಬಿಸಿ ತಾಗುತ್ತಿರಲಿಲ್ಲ. ಕುದಿಯುತ್ತಿರುವ ಸಾಂಬಾರನ್ನು ಎಡಗೈಯ ಸೌಟಿನಿಂದ ನೇರ ಬಲ ಅಂಗೈಗೆ ಸುರಿದುಕೊಂಡು, ಊದದೆ, ಸುರ್ರನೆ ಹೀರಿ, ಕಣ್ಣು ಅರ್ಧ ಮುಚ್ಚಿ ನಿಲ್ಲುತ್ತಿದ್ದರು. ಅಡುಗೆಮನೆಯಲ್ಲಿ ಆಗ ಯಾರೂ ಮಾತಾಡುವಂತಿರಲಿಲ್ಲ. ಆಮೇಲೆ ತೀರ್ಪು: "ಹುಳಿ ಇನ್ನೂ ಹಸಿ ಉಂಟು." ಇಲ್ಲವೇ, "ಈ ಬೆಲ್ಲ ಹಾಕಿದ ಮಹಾನುಭಾವ ಯಾರು?" ಸೌಟನ್ನು ತುಟಿಗೆ ತಾಗಿಸಿದರೆ ಎಂಜಲು, ಅಂಗೈಗೆ ಹಾಕಿಕೊಂಡರೆ ಅಲ್ಲ. ಆ ಅಂಗೈಯಿಂದಾಗಿ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

ಅವರು ನನ್ನ ಅಮ್ಮನ ಅಣ್ಣ. ಉಡುಪಿ ಕಡೆಯಿಂದ ಮುಂಬಯಿಗೆ ಬಂದು, ಹತ್ತಾರು ಅಡುಗೆಮನೆಗಳ ಹೊಗೆ ಕುಡಿದು, ಕೊನೆಗೆ ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರ, ರೇಡಿಯೋ ಟಿವಿ ಬಿಡಿಭಾಗಗಳ ಅಂಗಡಿಸಾಲಿನ ಹಿಂದೆ, ತಮ್ಮದೇ ಹೋಟೆಲು ಮಾಡಿಕೊಂಡಿದ್ದರು. ಮನೆ ಆಂಟಾಪ್ ಹಿಲ್‌ನಲ್ಲಿ. ಮಕ್ಕಳಿಲ್ಲ, ಅವರು ಮತ್ತು ಅತ್ತೆ. ನಾವು ಗೋರೆಗಾಂವ್‌ನವರು. ನನ್ನ ಲಾ ಕಾಲೇಜು ಚರ್ಚ್‌ಗೇಟ್ ಹತ್ತಿರ, ಎಲ್ಲ ಕಡೆ ನಿಲ್ಲುವ ಸ್ಲೋ ಲೋಕಲ್ ರೈಲು ಹಿಡಿದರೆ ಗ್ರಾಂಟ್ ರೋಡ್‌ನಲ್ಲಿ ಇಳಿದು ತಿಂಡಿ ತಿಂದು ಹೋಗಬಹುದು. ಫಾಸ್ಟ್ ಲೋಕಲ್ ಅಲ್ಲಿ ನಿಲ್ಲುವುದಿಲ್ಲ. ನಾನು ಕಾಲೇಜಿಗೆ ಸಮಯಕ್ಕೆ ಸರಿಯಾಗಿ ಹೋಗದೇ ಇದ್ದುದಕ್ಕೆ ಇದೇ ಕಾರಣ ಎಂದು ನನ್ನ ಅಮ್ಮ ಇವತ್ತಿಗೂ ನಂಬಿದ್ದಾಳೆ.

ನನಗೆ ವಾದ ಮಾಡಲು ಕಲಿಸಿದ್ದು ಯಾರು ಎಂದು ಕಾಲೇಜಿನ ಡಿಬೇಟ್ ತಂಡದಲ್ಲಿ ಕೇಳಿದಾಗೆಲ್ಲ ನಾನು ಏನೋ ಒಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ನಿಜ ಹೇಳಿದರೆ ನಗುತ್ತಿದ್ದರು. ಚಿಕ್ಕವಳಿದ್ದಾಗ ಒಮ್ಮೆ ಮಾವನ ಹೋಟೆಲಿನಲ್ಲಿ ಕೂತು ಮಸಾಲೆದೋಸೆ ತಿನ್ನುತ್ತ, ದೋಸೆ ಮುಗಿಯುವ ಮೊದಲೇ ಚಟ್ನಿ ಮುಗಿಯುತ್ತದೆ, ಇದು ಮೋಸ ಅಂತ ದೊಡ್ಡ ದನಿಯಲ್ಲಿ ಹೇಳಿದ್ದೆ. ಅಕ್ಕಪಕ್ಕದ ಗಿರಾಕಿಗಳು ತಿರುಗಿ ನೋಡಿದರು. ಬೇರೆ ದೊಡ್ಡವರಾಗಿದ್ದರೆ ಬಾಯಿ ಮುಚ್ಚಿಸುತ್ತಿದ್ದರು. ಮಾವ ಎದುರಿನ ಕುರ್ಚಿ ಎಳೆದು ಅದರ ಬೆನ್ನಿಗೆ ಒರಗಿ ನಿಂತರು, ಕೂರಲಿಲ್ಲ. "ಆಯ್ತು. ಗಿರಾಕಿಯ ಮಾತು ಕೇಳಿದೆ. ಈಗ ನೀನೇ ಮಾಲೀಕ. ಮಾಲೀಕ ಎಂತ ಹೇಳ್ತಾನೆ, ಹೇಳು ನೋಡುವ."

ನಾನು ಯೋಚಿಸಿ, ಕೇಳಿದರೆ ಇನ್ನೊಮ್ಮೆ ಹಾಕುತ್ತೇವಲ್ಲ, ಮೊದಲೇ ಜಾಸ್ತಿ ಹಾಕಿದರೆ ಬಟ್ಟಲಲ್ಲಿ ಉಳಿದು ದಂಡವಾಗುತ್ತದೆ ಅಂದೆ.

"ಭೇಷ್! ಈಗ ಮತ್ತೆ ಗಿರಾಕಿ."

ಹೀಗೆ ಕುರ್ಚಿ ಬದಲಿಸಿ ಬದಲಿಸಿ ನನ್ನ ಶಾಲೆಯ ದಿನಗಳು ಕಳೆದವು. ಲೋಕಲ್‌ನಲ್ಲಿ ಬಾಗಿಲ ಹತ್ತಿರ ನಿಲ್ಲುವವರು ಸರಿಯೋ ಒಳಗೆ ನುಗ್ಗುವವರು ಸರಿಯೋ, ದೇವರಿದ್ದಾನೋ ಇಲ್ಲವೋ, ಯಾವುದೂ ಆದೀತು. ದೇವರ ವಿಷಯದಲ್ಲಿ ನಾನು ಒಂದೇ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತುಬಿಟ್ಟೆ. ಮಾವ ಬೇಸರಿಸಲಿಲ್ಲ. "ಕೂತಿರು ಮಾರಾಯ್ತಿ, ಕುರ್ಚಿ ನಿಂದೇ," ಅಂದರು.

ಇಷ್ಟು ವಿಚಾರವಂತ ಮನುಷ್ಯ ತನ್ನ ಹೊಟ್ಟೆಯ ವಿಷಯದಲ್ಲಿ ಮಾತ್ರ ಶುದ್ಧ ಹಟಮಾರಿ. ಊಟದ ನಂತರ ಬಲ ಪಕ್ಕೆಲುಬಿನ ಕೆಳಗೆ ನೋವು ಬಂದು ಬೆನ್ನಿಗೆ, ಭುಜಕ್ಕೆ ಹತ್ತುತ್ತಿತ್ತು. ಬೆವರುತ್ತಿದ್ದರು. ಕೇಳಿದರೆ, "ಗ್ಯಾಸ್." ಮಾವನ ಶಾಸ್ತ್ರದಲ್ಲಿ ಎಲ್ಲವೂ ಗ್ಯಾಸ್. ತಲೆನೋವೂ ಗ್ಯಾಸ್. ಹಿಂದಿನ ವರ್ಷ ಎದೆ ಹಿಡಿದುಕೊಂಡಾಗಲೂ ಗ್ಯಾಸ್ ಎಂದೇ ಲಿಂಬೆಸೋಡಾ ಕುಡಿದಿದ್ದರು. ಅದೃಷ್ಟಕ್ಕೆ ಅತ್ತೆ ಟ್ಯಾಕ್ಸಿ ಕರೆಸಿದ್ದರಿಂದ ಹೃದಯಕ್ಕೆ ಸ್ಟೆಂಟ್ ಬಿತ್ತು. ಅಷ್ಟಾದ ಮೇಲೂ ಗ್ಯಾಸಿನ ಮೇಲಿನ ವಿಶ್ವಾಸ ಕದಲಲಿಲ್ಲ. "ಸ್ಟೆಂಟ್ ಹಾಕಿದ್ದು ಹೌದು. ಆದರೆ ಗ್ಯಾಸೂ ಇತ್ತು," ಅನ್ನುತ್ತಿದ್ದರು.

ಈ ಸಲದ ನೋವು ಪಿತ್ತಕೋಶದ ಕಲ್ಲಿನದು ಅಂತ ಹೊಟ್ಟೆಯ ಡಾಕ್ಟರು ಹೇಳಿದರು. ಸಾಮಾನ್ಯವಾಗಿ ಪಿತ್ತಕೋಶವನ್ನೇ ತೆಗೆದುಬಿಡುತ್ತಾರೆ, ಸಣ್ಣ ಆಪರೇಷನ್, ಆದರೆ ಮಾವನಿಗೆ ಅದು ಸಣ್ಣದಲ್ಲ. ಸ್ಟೆಂಟ್ ಹೊಸದು, ರಕ್ತ ತೆಳುವಾಗಿಸುವ ಗುಳಿಗೆ ಈಗಲೇ ನಿಲ್ಲಿಸುವಂತಿಲ್ಲ ಎಂದು ಹೃದಯದ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಉಳಿದ ದಾರಿ ಒಂದೇ. ಕಲ್ಲನ್ನು ನಿಧಾನವಾಗಿ ಕರಗಿಸುವ ಗುಳಿಗೆ. ಅದು ಎಲ್ಲರಿಗೂ ನಡೆಯುವುದಿಲ್ಲ. ಕಲ್ಲು ಸಣ್ಣದಿರಬೇಕು, ಪಿತ್ತಕೋಶದ ಗೋಡೆ ದಪ್ಪಗಟ್ಟಿರಬಾರದು, ಕೊಳವೆ ತೆರೆದಿರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಪಿತ್ತಕೋಶ ಇನ್ನೂ ಕೆಲಸ ಮಾಡುತ್ತಿರಬೇಕು. ಖಾಲಿ ಹೊಟ್ಟೆಯಲ್ಲಿ ತುಂಬಿಕೊಳ್ಳಬೇಕು, ಜಿಡ್ಡಿನ ಊಟ ಮಾಡಿದೊಡನೆ ಹಿಂಡಿಕೊಳ್ಳಬೇಕು. ಇದನ್ನೆಲ್ಲ ನೋಡಲು ಸೋನೋಗ್ರಫಿ, ಅಂದರೆ ಹೊಟ್ಟೆಯ ಸ್ಕ್ಯಾನಿಂಗ್. ಮೊದಲು ಖಾಲಿ ಹೊಟ್ಟೆಯಲ್ಲಿ ಒಂದು, ಆಮೇಲೆ ಜಿಡ್ಡಿನ ತಿಂಡಿ ತಿಂದು ಇನ್ನೊಂದು. ರಿಪೋರ್ಟ್ ಚೆನ್ನಾಗಿ ಬಂದರೆ ಗುಳಿಗೆ. ಇಲ್ಲದಿದ್ದರೆ ಆ ಹೃದಯ ಇಟ್ಟುಕೊಂಡೇ ಆಪರೇಷನ್ ಟೇಬಲ್.

ಮಾವನ ಹತ್ತಿರ ಆಗಲೇ ಮೂರನೆಯ ದಾರಿಯೊಂದಿತ್ತು. ಯಾರೋ ಗಿರಾಕಿ ವಾಟ್ಸಾಪಿನಲ್ಲಿ ಕಳಿಸಿದ್ದು. ಸೇಬಿನ ರಸ ಕುಡಿ, ಆಮೇಲೆ ಒಂದು ಲೋಟ ಆಲಿವ್ ಎಣ್ಣೆಗೆ ಲಿಂಬೆರಸ ಹಿಂಡಿ ಕುಡಿ, ಬೆಳಿಗ್ಗೆ ಹಸಿರು ಕಲ್ಲುಗಳು ತಾವಾಗಿ ಬೀಳುತ್ತವೆ. ಫೋಟೋ ಸಹ ಇತ್ತು.

"ನೋಡು, ಕಣ್ಣಿಗೆ ಕಾಣ್ತದೆ. ಇದಕ್ಕೆಂತ ಹೇಳ್ತಿ?"

"ಮಾವ, ಎಣ್ಣೆಗೆ ಹೊಟ್ಟೆಯೊಳಗಿನ ರಸ ಸೇರಿದರೆ ಎಂತ ಆಗ್ತದೆ? ಸಾಬೂನು. ಅದು ಕಲ್ಲಲ್ಲ, ಸಾಬೂನಿನ ಉಂಡೆ. ಎಣ್ಣೆ ಕುಡಿಯದವರಿಗೆ ಅಂಥ ಕಲ್ಲು ಯಾಕೆ ಬೀಳುವುದಿಲ್ಲ ಹೇಳಿ?"

"ಕುಡಿದ್ರೆ ತಾನೇ ಬೀಳೋದು!"

"ಅದನ್ನೇ ನಾನೂ ಹೇಳ್ತಿರೋದು!"

ಮಾವ ಗೆದ್ದವರಂತೆ ತಲೆಯಾಡಿಸಿದರು. ಅವರು ಆಗಲೇ ತಂದಿಟ್ಟಿದ್ದ ಆ ಎಣ್ಣೆಯ ಬಾಟಲಿ ಇವತ್ತಿಗೂ ಅತ್ತೆಯ ಅಡುಗೆಮನೆಯಲ್ಲಿದೆ. ನಾನು ಅದರ ಮೇಲೆ ‘ತಲೆಗೆ’ ಎಂದು ಚೀಟಿ ಅಂಟಿಸಿಟ್ಟೆ.

ಸೋನೋಗ್ರಫಿ ಕೇಂದ್ರ ಹೋಟೆಲಿನಿಂದ ಎರಡು ಗಲ್ಲಿ ಆಚೆ. ಆಂಟಾಪ್ ಹಿಲ್‌ನ ಮನೆಯ ಪಕ್ಕದಲ್ಲೇ ಒಂದಿತ್ತು, ಅತ್ತೆಗೆ ಅದೇ ಅನುಕೂಲ. ಆದರೆ ಮಾವ ಕೇಳಲಿಲ್ಲ. "ಬೆಳಿಗ್ಗೆ ಹೋಟೆಲು ತೆರೆದು, ಒಂದು ಸುತ್ತು ನೋಡಿ, ಅಲ್ಲಿಂದ ನಡ್ಕೊಂಡು ಹೋಗ್ಬಹುದು." ಇದರಲ್ಲಿ ನಮಗೆ ತಪ್ಪು ಕಾಣಲಿಲ್ಲ. ಯಾರಿಗೆ ತಾನೇ ಕಾಣುತ್ತಿತ್ತು?

ಡಾಕ್ಟರ್ ಮರಾಠಿ ಹೆಂಗಸು. ಗಿಡ್ಡ ಕೂದಲು, ಗಿಡ್ಡ ಮಾತು. ಹುಟ್ಟಲಿರುವ ಮಗುವಿನ ಲಿಂಗ ಹೇಳುವುದಿಲ್ಲ ಎಂಬ ಮರಾಠಿ ಫಲಕದ ಕೆಳಗೆ ಮಾವನನ್ನು ಮಲಗಿಸಿ, ಹೊಟ್ಟೆಗೆ ಜೆಲ್ ಹಚ್ಚಿದರು. ಮಾವ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಇಡ್ಲಿ ತಟ್ಟೆಗೆ ಎಣ್ಣೆ ಸವರಿದ ಹಾಗೆ," ಅಂದರು. ಡಾಕ್ಟರ್ ಪರದೆಯನ್ನು ನೋಡಿ ಹುಬ್ಬು ಗಂಟಿಕ್ಕಿ, ಬೆಳಿಗ್ಗೆಯಿಂದ ಏನಾದರೂ ತಿಂದಿರಾ ಎಂದು ಹಿಂದಿಯಲ್ಲಿ ಕೇಳಿದರು.

"ಕಾಕಾ, ಸುಬಹ್ ಸೇ ಕುಛ್ ಖಾಯಾ?"

"ಕುಛ್ ನಹೀಂ."

"ಚಾಯ್? ಕಾಫಿ?"

"ಕುಛ್ ಭೀ ನಹೀಂ, ಮೇಡಂ. ರಾತ್ ಸೇ ಉಪವಾಸ್."

ಪಿತ್ತಕೋಶ ಕುಗ್ಗಿದೆ ಅಂದರು ಡಾಕ್ಟರ್. ತುಂಬಿದ್ದರೆ ಚೆನ್ನಾಗಿ ಹಿಗ್ಗಿ ಒಳಗೆ ಕಪ್ಪಗೆ ಕಾಣಬೇಕಿತ್ತು, ಇದು ಮುದುಡಿಕೊಂಡಿದೆ. ಕಲ್ಲುಗಳಿವೆ, ಆದರೆ ಒಂದರ ಮೇಲೊಂದು ಒತ್ತಿಕೊಂಡು ಕೂತಿವೆ, ಅಳತೆ ಸಿಗುವುದಿಲ್ಲ. ಗೋಡೆ ದಪ್ಪ ಕಾಣುತ್ತಿದೆ. ತಿಂದವರಿಗೂ ಹಾಗೆ ಕಾಣುತ್ತದೆ, ಬಹುಕಾಲದ ಕಾಯಿಲೆಯಿಂದ ಪಿತ್ತಕೋಶ ಸೊರಗಿದವರಿಗೂ ಹಾಗೆಯೇ ಕಾಣುತ್ತದೆ. ಯಾವುದೆಂದು ಮಶೀನು ಹೇಳುವುದಿಲ್ಲ. ಇನ್ನೊಂದು ದಿನ ಬನ್ನಿ.

ಇನ್ನೊಂದು ದಿನ ಹೋದೆವು. ಅದೇ ಪ್ರಶ್ನೆ, ಅದೇ "ಕುಛ್ ನಹೀಂ", ಅದೇ ಮುದುಡಿದ ಪಿತ್ತಕೋಶ. ನಾನು ಡಾಕ್ಟರ ಹತ್ತಿರ ವಾದಕ್ಕಿಳಿದೆ. ಕೆಲವರ ಪಿತ್ತಕೋಶವೇ ಚಿಕ್ಕದಿರಬಹುದಲ್ಲ? ಮಲಗಿಸಿದ ಭಂಗಿಯ ದೋಷವಿರಬಹುದಲ್ಲ? ಅವರು ಕಾಗದದಿಂದ ಮಾವನ ಹೊಟ್ಟೆಯ ಜೆಲ್ ಒರೆಸುತ್ತ, "ನೀವು ವಕೀಲರಾ?" ಎಂದು ಕೇಳಿದರು. ಓದುತ್ತಿದ್ದೇನೆ ಅಂದೆ. "ಹಾಗಾದರೆ ಸಾಕ್ಷಿಯನ್ನು ಮೊದಲು ವಿಚಾರಿಸಿ," ಅಂದರು. ಸಾಕ್ಷಿ ಅಷ್ಟರಲ್ಲಿ ಅಂಗಿಯ ಗುಂಡಿ ಹಾಕಿಕೊಂಡು, ಹೋಟೆಲಿಗೆ ಹೊತ್ತಾಯಿತೆಂದು ಬಾಗಿಲಲ್ಲಿ ನಿಂತಿತ್ತು.

ಹೊಟ್ಟೆಯ ಡಾಕ್ಟರು ರಿಪೋರ್ಟ್ ನೋಡಿ ಕನ್ನಡಕ ತೆಗೆದಿಟ್ಟರು. ಇನ್ನೊಮ್ಮೆ ಹೀಗೇ ಬಂದರೆ ಈ ಪಿತ್ತಕೋಶದ ಆಟ ಮುಗಿದಿದೆ ಎಂದೇ ತಿಳಿಯಬೇಕು, ಗುಳಿಗೆ ಕೊಟ್ಟು ಪ್ರಯೋಜನವಿಲ್ಲ, ಆಪರೇಷನ್ನಿನ ಮಾತು ಶುರುಮಾಡಬೇಕು ಅಂದರು. ಆ ಸಂಜೆ ಅತ್ತೆ ಅಳಲಿಲ್ಲ. ಸ್ಟೆಂಟ್ ಹಾಕಿದ ಆಸ್ಪತ್ರೆಯ ಫೈಲನ್ನು ಕಪಾಟಿನಿಂದ ಇಳಿಸಿ, ಧೂಳು ಒರೆಸಿ, ಮೇಜಿನ ಮೇಲಿಟ್ಟರು.

ಸಾಕ್ಷಿಯನ್ನು ವಿಚಾರಿಸಲು ಮರುದಿನವೇ ಗೋರೆಗಾಂವ್‌ನಿಂದ ಮೊಟ್ಟಮೊದಲ ಲೋಕಲ್ ಹತ್ತಿದೆ. ಹೋಟೆಲಿನ ಹಿಂಬಾಗಿಲಿನಿಂದ ಹೋದಾಗ ಮಾವ ಅಡುಗೆಮನೆಯಲ್ಲಿದ್ದರು, ನನ್ನತ್ತ ಬೆನ್ನು. ಪಾತ್ರೆ ತೊಳೆಯುವ ಜಾಗದ ಪಕ್ಕ ನಿಂತು ನೋಡಿದೆ. ಮೊದಲು ಕಾಫಿ. ಹೊಸ ಡಿಕಾಕ್ಷನ್, ದಪ್ಪ ಹಾಲು, ಸಣ್ಣ ಲೋಟದ ಅರ್ಧ. ಕುಡಿದು, ತಲೆಯಾಡಿಸಿ, ಲೋಟ ಇಟ್ಟರು. ಸಾಂಬಾರು, ಅಂಗೈಗೆ. ತೆಂಗಿನಕಾಯಿ ಚಟ್ನಿ, ಅಂಗೈಗೆ, ತೃಪ್ತಿಯಾಗದೆ ಇನ್ನೊಮ್ಮೆ. ಆಲೂಪಲ್ಯ ಒಂದು ಚಿಟಿಕೆ. ಕಾವಲಿಯ ಮೊದಲ ದೋಸೆಯ ಅಂಚು ಮುರಿದು, ಬೆಣ್ಣೆ ಸವರಿದ ಭಾಗವನ್ನೇ ಆರಿಸಿ, ಬಾಯಿಗೆ. ಕಾವಲಿ ಕಾದದ್ದು ಸರಿ ಇದೆಯೋ ನೋಡಬೇಕಲ್ಲ! ಕೊನೆಗೆ ಶಿರಾ, ತುಪ್ಪ ಮಿನುಗುತ್ತಿರುವ ಒಂದು ಉಂಡೆ.

ಅಡುಗೆಯ ಮಾಸ್ಟರ್ ವಿಜಯಪುರದ ಕಡೆಯವರು. ಕಟ್ಟಡದ ಕೆಲಸಕ್ಕೆಂದು ಮುಂಬಯಿಗೆ ಬಂದು ಈ ಅಡುಗೆಮನೆಯಲ್ಲಿ ನಿಂತವರು. ನನ್ನನ್ನು ಕಂಡು ಅವರೇ ಮೊದಲು ಬಾಯಿಬಿಟ್ಟರು. "ಏನ್ ಅಕ್ಕಾರ, ಇಷ್ಟ್ ಲಗೂನ ಬಂದೀರಿ?"

"ಮಾಸ್ಟರ್, ಇದು ದಿನಾ ಹೀಗೇನಾ?"

"ದಿನಾ ಐತ್ರಿ. ಮಾಲಕ್ರು ನೋಡಲಾರ್ದ ಒಂದ್ ಕಪ್ ಚಾ ಸುದ್ದಾ ಹೊರಗ ಹೋಗಂಗಿಲ್ಲ."

"ಸೋನೋಗ್ರಫಿ ದಿನವೂ?"

ಮಾಸ್ಟರ್ ಮಾವನನ್ನು ನೋಡಿದರು, ನನ್ನನ್ನು ನೋಡಿದರು, ಉಪ್ಪಿನ ಡಬ್ಬಿ ಹುಡುಕಿಕೊಂಡು ಆಚೆ ಹೋದರು.

"ಮಾವ," ಅಂದೆ. ದನಿ ತಗ್ಗಿಸಲು ಬಹಳ ಪ್ರಯತ್ನಪಟ್ಟೆ. "ಎರಡು ಸಲವೂ ತಿಂದು ಹೋದ್ರಿ ನೀವು."

"ಯಾರು ತಿಂದದ್ದು?"

"ನಾನು ಈಗ ಕಣ್ಣಾರೆ ನೋಡಿದ್ದು ಎಂತ ಹಾಗಾದ್ರೆ?"

"ಉಪ್ಪು ನೋಡಿದ್ದು ಮಾರಾಯ್ತಿ. ತಿಂದದ್ದಲ್ಲ. ತಿನ್ನುವುದೆಂದ್ರೆ ಕೂರ್ಬೇಕು. ತಟ್ಟೆ ಹಾಕ್ಬೇಕು. ಯಾರಾದ್ರೂ ಬಡಿಸ್ಬೇಕು. ನಿಂತು ಒಂದು ಚೂರು ನಾಲಗೆಗೆ ಹಾಕಿದ್ರೆ ಅದು ತಿಂದದ್ದಾ? ಇದು ಕೆಲಸ."

"ಆ ಕಾಫಿ? ಆ ತುಪ್ಪದ ಶಿರಾ?"

"ಅದೂ ಕೆಲಸವೇ."

ನಾನು ಅಲ್ಲಿಯೇ, ರುಬ್ಬುವ ಯಂತ್ರದ ಪಕ್ಕದಲ್ಲಿ, ನನ್ನ ಜೀವಮಾನದ ಅತ್ಯುತ್ತಮ ವಾದ ಮಂಡಿಸಿದೆ. ಹೊಟ್ಟೆಗೆ ಕೂತದ್ದು ನಿಂತದ್ದು ಗೊತ್ತಾಗುವುದಿಲ್ಲ. ಕೊಬ್ಬು ಒಳಗೆ ಹೋದರೆ ಪಿತ್ತಕೋಶ ಹಿಂಡಿಕೊಳ್ಳುತ್ತದೆ, ಅದು ನಿಮ್ಮ ಉದ್ದೇಶ ವಿಚಾರಿಸುವುದಿಲ್ಲ. ಒಂದೊಂದೂ ಚೂರೇ ಇರಬಹುದು, ಕೂಡಿಸಿದರೆ ಒಂದು ಪ್ಲೇಟ್ ತಿಂಡಿ. ಈ ಚೂರುಗಳ ದೆಸೆಯಿಂದ ನಿಮ್ಮ ಎದೆಗೆ ಅಪಾಯವಾಗದ ಹಾಗೆ ಹೊಟ್ಟೆ ಕೊಯ್ಯುವ ಡಾಕ್ಟರನ್ನು ಹುಡುಕಬೇಕಾಗಿದೆ. ಇದರಲ್ಲಿ ಯಾವ ಮಾತು ತಪ್ಪು, ಹೇಳಿ. ಒಂದೂ ತಪ್ಪಿರಲಿಲ್ಲ. ಅಂತರಕಾಲೇಜು ಫೈನಲ್‌ನಲ್ಲಿ ಇಂಥ ಮಾತಿಗೆ ಚಪ್ಪಾಳೆ ಬಿದ್ದಿತ್ತು. ಅಂದು ನೋಡಲು ಬಂದಿದ್ದ ಮಾವ ಅರ್ಧ ಹೊತ್ತು ನಿದ್ದೆ ಮಾಡಿ, ಕಪ್ ಹಿಡಿದು ಬಂದ ನನಗೆ, "ಇಬ್ರೂ ಸರಿಯೇ ಹೇಳಿದ್ರು. ನೀನು ಸ್ವಲ್ಪ ಜಾಸ್ತಿ ಸಿಟ್ಟಿನಲ್ಲಿ ಹೇಳಿದೆ," ಅಂದಿದ್ದರು.

ಈ ಸಲ ಸಿಟ್ಟು ಬಂದದ್ದು ಅವರಿಗೆ. ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು.

"ಇದು ತಿಂದದ್ದು ಅಂತಾದ್ರೆ ನನ್ನ ಏಕಾದಶಿ ಎಲ್ಲ ಎಂತ ಆಯ್ತು?"

ಯಂತ್ರ ನಿಂತಿತು. ಮಾಸ್ಟರ್ ಸ್ವಿಚ್ ಆರಿಸಿದ್ದರೋ ಏನೋ. ಮಾವ ಕೈ ಒರೆಸುವ ಬಟ್ಟೆಯನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದರು.

"ಅಮ್ಮ ಇರುವ ತನಕ ಏಕಾದಶಿ ಮಾಡ್ತಿದ್ರು. ಹೋಗುವ ಮೊದಲು, ಇನ್ನು ನೀನು ಮಾಡು ಅಂದ್ರು. ಅವತ್ತಿನಿಂದ ಒಂದೂ ಬಿಟ್ಟದ್ದಿಲ್ಲ. ಜ್ವರದಲ್ಲೂ ಬಿಟ್ಟದ್ದಿಲ್ಲ. ಏಕಾದಶಿ ಅಂತ ಹೋಟೆಲು ಮುಚ್ಚಿದ್ದೂ ಇಲ್ಲ. ಉಪ್ಪು ನೋಡದೆ ಬಿಟ್ಟದ್ದೂ ಇಲ್ಲ. ಈಗ ನೀನು ಹೇಳು. ಎಲ್ಲ ಸುಳ್ಳಾ?"

ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಏಕಾದಶಿಯ ಬಗ್ಗೆ, ಉಪವಾಸಗಳ ಬಗ್ಗೆ, ಅದನ್ನೆಲ್ಲ ಬರೆದಿಡುವವನು ಯಾರೂ ಇಲ್ಲ ಎನ್ನುವುದರ ಬಗ್ಗೆ ನಾನು ಯಾವ ಹೊತ್ತಿನಲ್ಲಿ ಬೇಕಾದರೂ ಮಾತಾಡಬಲ್ಲೆ. ಮಾತಾಡಿದರೆ ಗೆಲ್ಲುವುದೂ ನಾನೇ. ಗೆದ್ದು, ಮಾವ ತಾನು ಎಲ್ಲ ಏಕಾದಶಿಯನ್ನೂ ಮುರಿದವನು ಅಂತ ಒಪ್ಪಿಕೊಂಡು, ಆಮೇಲೆ ಸೋನೋಗ್ರಫಿಗೆ ಬರಬೇಕು! ಅವರು ಬರುವುದಿಲ್ಲ. ಆಪರೇಷನ್ ಟೇಬಲ್ಲಿಗೆ ಬೇಕಾದರೆ ಹೋದಾರು, ಇದನ್ನು ಒಪ್ಪಿಕೊಳ್ಳಲಾರರು.

ಕುರ್ಚಿ ಬದಲಿಸದೆ ಬೇರೆ ಗತಿಯಿರಲಿಲ್ಲ.

"ಮಾವ, ಏಕಾದಶಿ ಉಪವಾಸ ಯಾರಿಗೋಸ್ಕರ?"

"ದೇವರಿಗೆ. ಮತ್ತೆ ಯಾರಿಗೆ?"

"ದೇವರು ಉಪ್ಪು ನೋಡಿದ್ದನ್ನು ತಿಂದದ್ದು ಅಂತ ಹಿಡೀತಾನಾ?"

"ಇಲ್ಲ. ಅವನಿಗೆ ಗೊತ್ತುಂಟು, ನನ್ನದು ಹೋಟೆಲು ಅಂತ."

"ಹಾಗಾದ್ರೆ ನಿಮ್ಮ ಏಕಾದಶಿ ಒಂದೂ ಕೆಟ್ಟಿಲ್ಲ. ಆದರೆ ಈ ಸೋನೋಗ್ರಫಿ ಡಾಕ್ಟರಿಗೆ ಅದೆಲ್ಲ ಗೊತ್ತಿಲ್ಲ. ಅವರ ವ್ರತದ ನಿಯಮವೇ ಬೇರೆ. ನಿಂತದ್ದು, ಕೂತದ್ದು, ನೋಡಿದ್ದು, ನೆಕ್ಕಿದ್ದು, ಏನೂ ಆಗುವುದಿಲ್ಲ. ಹಾಲು ಹಾಕಿದ ಒಂದು ಗುಟುಕೂ ಇಲ್ಲ."

ಮಾವ ಯೋಚಿಸಿದರು. "ದೇವರಿಗಿಂತ ಕಡಕ್ಕಾ ಅವರು?"

"ಬಹಳ."

"ಅಷ್ಟು ಕಡಕ್ ಉಪವಾಸ ನನ್ನಿಂದ ಆಗುವುದಿಲ್ಲ ಅಂತ ತಿಳ್ಕೊಂಡಿದ್ದಾರಾ?" ಬಟ್ಟೆಯನ್ನು ಹೆಗಲಿಗೆ ಎಸೆದುಕೊಂಡರು. "ಮಾಡಿ ತೋರಿಸ್ತೇನೆ."

ದೇವರನ್ನು ಒಪ್ಪಿಕೊಂಡು ನಾನು ಮಾಡಿದ ವಾದ ಅದೊಂದೇ. ನನ್ನ ತಂಡದವರಿಗೆ ಇವತ್ತಿನವರೆಗೂ ಹೇಳಿಲ್ಲ.

ಅಷ್ಟಕ್ಕೇ ಮುಗಿಯಿತೇ? ಎಲ್ಲಿ! ಸೋನೋಗ್ರಫಿಯ ದಿನ ಬೆಳಿಗ್ಗೆ ಹೋಟೆಲಿಗೆ ಹೋಗುವುದೇ ಬೇಡ, ಮನೆಯಿಂದ ನೇರ ಹೋಗೋಣ ಅಂದರೆ ಅದೂ ಆಗದು. ಮಾಸ್ಟರ್ ನೋಡಲಿ ಅಂದರೆ, "ಅವನ ಕಡೆಯವರಿಗೆ ಖಾರ ಇದ್ರೆ ಸಾಕು, ಹುಳಿ ಬೆಲ್ಲದ ಹದ ಹತ್ತುವುದಿಲ್ಲ." ಇದನ್ನು ಮಾಸ್ಟರ ಎದುರಿಗೇ ಹೇಳಿದರು. ಮಾಸ್ಟರ್, "ನಮ್ ಕಡೆ ಸಾಂಬಾರಿಗೆ ಬೆಲ್ಲಾ ಹಾಕಿದ್ರ ಅಡಗಿಯವನ್ನ ಮನಿಗೆ ಕಳಸ್ತಾರ್ರಿ," ಅಂತ ಅಷ್ಟೇ ಶಾಂತವಾಗಿ ಉತ್ತರ ಕೊಟ್ಟರು. ಅತ್ತೆ ನೋಡಲಿ ಅಂದರೆ ಅತ್ತೆಗೆ ಹೋಟೆಲಿನ ಸಾಂಬಾರೇ ಸೇರದು. ಕೊನೆಗೆ ಉಳಿದವಳು ನಾನು.

ಹಾಗೆ ನಾನು ಆ ಅಡುಗೆಮನೆಯಲ್ಲಿ ಬಲಗೈ ಚಾಚಿಕೊಂಡು ನಿಂತೆ. ಮಾವ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಎದುರು ನಿಂತರು, ತಾನಾಗಿ ಕೈ ಬಾಯಿಗೆ ಹೋಗಬಾರದಲ್ಲ. ಮಾಸ್ಟರ್ ಸೌಟು ಬಗ್ಗಿಸಿದರು. ಅಯ್ಯೋ! ಅಂಗೈ ಸುಟ್ಟು ಹೋಯಿತು. ಕೊಡವಿ ಬಿಟ್ಟೆ, ಸಾಂಬಾರು ಮಾವನ ಅಂಗಿಯ ಮೇಲೆ.

"ಕೊಡವ್ಬೇಡ! ಹೀರು! ಇನ್ನೊಮ್ಮೆ."

ಇನ್ನೊಮ್ಮೆ ಹೀರಿದೆ. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಏನೂ ಗೊತ್ತಾಗಲಿಲ್ಲ, ಚೆನ್ನಾಗಿದೆ ಅಂದೆ.

"ಚೆನ್ನಾಗಿಲ್ಲ," ಅಂದರು ಕರವಸ್ತ್ರದ ಹಿಂದಿನಿಂದ. "ನೀನು ಹುಬ್ಬು ಎತ್ತಿದಿ. ಹುಳಿ ಜಾಸ್ತಿ ಉಂಟು. ಮಾಸ್ಟರ್, ಒಂದು ಚೂರು ಬೆಲ್ಲ."

ಬೆಲ್ಲ ಬಿದ್ದ ಮೇಲೆ ಮತ್ತೆ ಹೀರಿದೆ. ಈ ಸಲ ನನಗೇ ಗೊತ್ತಾಯಿತು. ನಾನು ಬಾಯಿ ತೆರೆಯುವ ಮೊದಲೇ ಮಾವ, "ಆಯ್ತು, ಹೊರಗೆ ಕಳಿಸು," ಅಂದರು. ಚಟ್ನಿ, ಪಲ್ಯ, ಕಾಫಿ, ಎಲ್ಲಕ್ಕೂ ನನ್ನ ಮುಖವೇ ಗತಿಯಾಯಿತು. ನನ್ನ ಮುಖದಲ್ಲಿ ಇಷ್ಟೊಂದು ಬರೆದಿರುತ್ತದೆ ಎಂದು ನನ್ನ ಎದುರಾಳಿ ತಂಡಗಳಿಗೆ ಗೊತ್ತಿದ್ದರೆ ನಾನು ಒಂದು ಕಪ್ಪನ್ನೂ ಗೆಲ್ಲುತ್ತಿರಲಿಲ್ಲ.

ಸೋನೋಗ್ರಫಿ ಡಾಕ್ಟರ್ ಮಶೀನಿನ ಕಡ್ಡಿಯನ್ನು ಪಕ್ಕೆಯ ಕೆಳಗೆ ಇಟ್ಟು ಪರದೆಯನ್ನು ನಮ್ಮ ಕಡೆ ಸ್ವಲ್ಪ ತಿರುಗಿಸಿದರು. ಗುಂಡುಬದನೆಯ ಹಾಗೆ ತುಂಬಿಕೊಂಡ ಕಪ್ಪು ಚೀಲ. ತಳದಲ್ಲಿ ಬಿಳಿಯ ಚುಕ್ಕೆಗಳು, ಸಾಸಿವೆಗಿಂತ ದೊಡ್ಡವು, ಕಡಲೆಗಿಂತ ಚಿಕ್ಕವು. ಎಡಕ್ಕೆ ಮಗ್ಗುಲಾಗಿ ಅಂದರು. ಮಾವ ಹೊರಳಿದರು, ಚುಕ್ಕೆಗಳೂ ಮೆಲ್ಲಗೆ ಉರುಳಿ ಆಚೆ ಬದಿಗೆ ಹೋದವು. ಅಂಟಿಕೊಂಡಿಲ್ಲ. ಗೋಡೆ ತೆಳ್ಳಗಿದೆ. ಕೊಳವೆ ಚೊಕ್ಕ. ಅತ್ತೆ ನನ್ನ ಮೊಣಕೈ ಹಿಡಿದಿದ್ದರು, ಬಿಡಲಿಲ್ಲ.

"ಆಜ್ ಸಚ್ ಮೇ ಖಾಲಿ ಪೇಟ್ ಆಯೇ, ಕಾಕಾ," ಅಂದರು ಡಾಕ್ಟರ್.

ಮಲಗಿದ್ದಲ್ಲಿಂದ ಮಾವ ನನ್ನನ್ನು ನೋಡಿದರು. ಇವತ್ತು ನಿಜಕ್ಕೂ ಖಾಲಿ ಹೊಟ್ಟೆಯಲ್ಲಿ ಬಂದಿದ್ದೀರಿ ಎಂಬ ಡಾಕ್ಟರ ಮಾತಿನಲ್ಲಿ ಕೊಂಕಿರಲಿಲ್ಲ. ಆದರೂ ನನ್ನ ಬಾಯಿಂದ ಮಾತು ಹೊರಟೇಬಿಟ್ಟಿತು.

"ಪಹಲೇ ಭೀ ಖಾಲಿ ಪೇಟ್ ಥೇ, ಡಾಕ್ಟರ್. ಆಪ್ಕೀ ಮಶೀನ್ ನಹೀಂ ಮಾನೀ."

ಮೊದಲೂ ಹೊಟ್ಟೆ ಖಾಲಿಯೇ ಇತ್ತು, ಒಪ್ಪದಿದ್ದದ್ದು ನಿಮ್ಮ ಮಶೀನು ಎಂಬ ಈ ಮಾತಿಗೆ ಡಾಕ್ಟರ್ ನಕ್ಕರೋ ಇಲ್ಲವೋ, ಪರದೆಯ ಬೆಳಕಿನಲ್ಲಿ ಕಾಣಲಿಲ್ಲ. ಜಿಡ್ಡಿನದ್ದೇನಾದರೂ ತಿಂದು ಮುಕ್ಕಾಲು ಗಂಟೆ ಬಿಟ್ಟು ಬನ್ನಿ ಅಂದರು.

ಹೋಟೆಲಿಗೆ ಹೋದೆವು. ಮಾವ ಅಡುಗೆಮನೆಗೆ ನುಗ್ಗಲು ಹೊರಟಾಗ ಅತ್ತೆ ತಡೆದು, ಫ್ಯಾನಿನ ಕೆಳಗಿನ ಟೇಬಲ್ ತೋರಿಸಿದರು. ಮಾವ ಕೂತರು. ಯೋಚಿಸಿ ನೋಡಿದರೆ, ಆ ಹೋಟೆಲಿನ ಕುರ್ಚಿಯಲ್ಲಿ ಗಿರಾಕಿಯ ಹಾಗೆ ಅವರು ಕೂತದ್ದನ್ನು ನಾನು ಅಲ್ಲಿಯವರೆಗೆ ಕಂಡೇ ಇರಲಿಲ್ಲ. ಮಾಸ್ಟರ್ ತಾವೇ ತಂದಿಟ್ಟರು: ಬೆಣ್ಣೆ ಮಸಾಲೆದೋಸೆ, ಸಾಂಬಾರು, ಚಟ್ನಿಯ ಬಟ್ಟಲು. ಮಾವ ಹಸಿದಿದ್ದರು. ಅರ್ಧ ದೋಸೆ ಮಾತಿಲ್ಲದೆ ಹೋಯಿತು. ಆಮೇಲೆ ಕೈ ಚಟ್ನಿಯ ಬಟ್ಟಲಿಗೆ ಹೋಗಿ ನಿಂತಿತು. ಬಟ್ಟಲು ಖಾಲಿ. ಎದುರಿನಲ್ಲಿ ದೋಸೆಯ ಉಳಿದರ್ಧ. ಸುತ್ತ ಕಣ್ಣಾಡಿಸಿದರು, ಬಡಿಸುವವರೆಲ್ಲ ಬೇರೆ ಟೇಬಲ್‌ಗಳಲ್ಲಿ ಓಡಾಡುತ್ತಿದ್ದರು, ಯಾರೂ ಈ ಕಡೆ ನೋಡಲಿಲ್ಲ. ನಾನು ಎದುರು ಕೂತು ಚಾವಣಿಯ ಫ್ಯಾನ್ ನೋಡಿದೆ. ಇಷ್ಟು ವರ್ಷ ಆ ಚಟ್ನಿಯ ಉಪ್ಪು ನೋಡಿದ ಮನುಷ್ಯ, ಆ ಚಟ್ನಿಯಲ್ಲಿ ಒಂದು ದೋಸೆ ಪೂರ್ತಿ ತಿಂದದ್ದು ಅದೇ ಮೊದಲು. ಮುಂದಿನ ವಾರ ಹೋದಾಗ ಚಟ್ನಿಗೆ ದೊಡ್ಡ ಬಟ್ಟಲು ಬಂದಿತ್ತು.

ಎರಡನೆಯ ಸಲ ಪರದೆಯ ಮೇಲೆ ಆ ಚೀಲ ಅರ್ಧಕ್ಕಿಂತ ಕಡಿಮೆ ಆಗಿತ್ತು. ಹಿಂಡಿಕೊಂಡಿದೆ, ಕೆಲಸ ಮಾಡುತ್ತಿದೆ, ಹಿಂದೆ ಕುಗ್ಗಿದ್ದು ಕಾಯಿಲೆಯಿಂದಲ್ಲ ಅಂದರು ಡಾಕ್ಟರ್. ಹೊಟ್ಟೆಯ ಡಾಕ್ಟರು ಗುಳಿಗೆ ಬರೆದುಕೊಟ್ಟರು. ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು, ಕರಗುತ್ತದೆಂಬ ಖಾತರಿಯಿಲ್ಲ, ಕರಗಿದರೂ ಮತ್ತೆ ಬರಬಹುದು ಎಂದು ಎಚ್ಚರಿಸಿದರು. ಮಾವನ ಕಿವಿಗೆ ಬಿದ್ದದ್ದು ಪಿತ್ತಕೋಶ ಕೆಲಸ ಮಾಡುತ್ತಿದೆ ಎಂಬ ಮಾತು ಮಾತ್ರ. ಬಿಲ್ಲು ಕೊಡಲು ಬಂದ ಗಿರಾಕಿಗಳಿಗೆಲ್ಲ, "ನಮ್ಮ ಪಿತ್ತಕೋಶ ಇನ್ನೂ ಡ್ಯೂಟಿಯಲ್ಲಿ ಉಂಟು," ಎಂದು ಹೇಳಿಕೊಂಡರು. ಗುಳಿಗೆಯನ್ನು ಮರೆಯುತ್ತಿದ್ದರು, ಫೋನ್ ಮಾಡಿ ಬೈಯುತ್ತಿದ್ದೆ, "ತಿಂದೆ ಮಾರಾಯ್ತಿ," ಅನ್ನುತ್ತಿದ್ದರು. ತಿಂದೆ ಎಂಬ ಶಬ್ದವನ್ನು ಅವರ ಬಾಯಲ್ಲಿ ನಂಬುವುದು ಹೇಗೆ? ಆದರೂ ಅರ್ಧ ವರ್ಷದ ನಂತರದ ಸೋನೋಗ್ರಫಿಯಲ್ಲಿ ಚುಕ್ಕೆಗಳು ಸಣ್ಣವಾಗಿದ್ದವು. ನೋವು ಬಂದಿರಲಿಲ್ಲ. ಆ ಬೆಳಗ್ಗೆಯೂ ನನ್ನ ಅಂಗೈ ಸುಟ್ಟಿತ್ತು. ಈ ಸಲ ಕೊಡವಿರಲಿಲ್ಲ.

ಅದರ ಮುಂದಿನ ಸೋನೋಗ್ರಫಿ ಆಗಲಿಲ್ಲ. ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಮಾವ ಕ್ಯಾಶ್ ಕೌಂಟರಿನ ಹಿಂದೆ ಕೂತಲ್ಲೇ ತಲೆ ವಾಲಿಸಿದ್ದರು. ಬಡಿಸುವವರು ನಿದ್ದೆ ಅಂದುಕೊಂಡರು. ಹೃದಯ ನಿಂತಿತ್ತು. ನಾವೆಲ್ಲ ಸೇರಿ ಅಷ್ಟು ಹೆಣಗಿ ಉಳಿಸಿಕೊಂಡದ್ದು ಪಿತ್ತಕೋಶವನ್ನು! ಈ ಮಾತಿಗೆ ಅವರೇ ಆದರೆ ನಗುತ್ತಿದ್ದರು, "ಗ್ಯಾಸೂ ಇತ್ತು," ಅನ್ನುತ್ತಿದ್ದರು. ನನಗೆ ಸಿಟ್ಟು ಬಂತು. ಈಗಲೂ ಬರುತ್ತದೆ. ವಾದ ಮಾಡಲು ಎದುರು ಕುರ್ಚಿಯಲ್ಲಿ ಯಾರೂ ಇಲ್ಲದಿದ್ದರೆ ಸಿಟ್ಟನ್ನು ಎಲ್ಲಿ ಇಡುವುದು?

ಸೂತಕದ ದಿನಗಳೆಲ್ಲ ಕಳೆದ ಮೇಲೆ ಅತ್ತೆ ಹೋಟೆಲು ತೆರೆಸಿದರು. ಕೌಂಟರಿನಲ್ಲಿ ತಾವೇ ಕೂತರು. ಆ ಬೆಳಿಗ್ಗೆ ನಾನು ಸ್ಲೋ ಲೋಕಲ್‌ನಲ್ಲಿ ಹೋಗಿ ಗ್ರಾಂಟ್ ರೋಡ್‌ನಲ್ಲಿ ಇಳಿದು, ಅಭ್ಯಾಸಬಲದಿಂದ ಹಿಂಬಾಗಿಲಿನಿಂದಲೇ ಒಳಗೆ ಬಂದೆ. ಸಾಂಬಾರು ಕುದಿಯುತ್ತಿತ್ತು. ತಿಂಡಿಗೆ ಕೂತ ಗಿರಾಕಿಗಳ ಸದ್ದು ಹೊರಗಿನಿಂದ ಕೇಳುತ್ತಿತ್ತು, ಆದರೆ ಒಂದು ಪ್ಲೇಟೂ ಹೋಗಿರಲಿಲ್ಲ. ಮಾಸ್ಟರ್ ಸೌಟು ಹಿಡಿದು ಸುಮ್ಮನೆ ನಿಂತಿದ್ದರು.

"ಅಕ್ಕಾರ," ಅಂದರು. "ಕೈ ಹಿಡೀರಿ."

ಬಲಗೈ ಚಾಚಿದೆ. ಬಿಸಿ ಅಂಗೈಯ ನಡುವೆ ಬಿತ್ತು. ಹೀರಿದೆ. ಹುಳಿ ಇನ್ನೂ ಹಸಿಯಿತ್ತು, ಹೇಳಿದೆ. ಮಾಸ್ಟರ್ ಉರಿ ಹೆಚ್ಚಿಸಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಆಮೇಲೆ ಚಟ್ನಿ, ಎರಡು ಸಲ. ಪಲ್ಯ. ದೋಸೆಯ ಬೆಣ್ಣೆಯ ಅಂಚು. ಅರ್ಧ ಲೋಟ ಕಾಫಿ. ಶಿರಾ.

"ಹೋಗ್ಲಿ," ಅಂದೆ. ಪ್ಲೇಟುಗಳು ಹೊರಟವು.

ಕೈ ತೊಳೆದುಕೊಂಡು ಹೊರಗೆ ಬಂದಾಗ ಅತ್ತೆ ಕೌಂಟರಿನಿಂದ ತಲೆಯೆತ್ತಿದರು. "ಇಷ್ಟು ಬೇಗ ಹೊರಟು ಬಂದಿದ್ದಿ. ಎಂತಾದ್ರೂ ತಿಂದ್ಯಾ?"

"ಇಲ್ಲ ಅತ್ತೆ," ಅಂದೆ. "ಬೆಳಗ್ಗಿನಿಂದ ಏನೂ ತಿಂದಿಲ್ಲ."